ಕೋಲಾರಕ್ಕೆ ಯಾವಾಗ ಬರುತ್ತೀರಿ?

ಈ ಅಂಕಣ ಓದುವವರು ಬರೆಯುವ ಪತ್ರಗಳಲ್ಲಿ ಒಂದು ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. "ಒಂದು ದಿನ ಬಿಡುವಿದೆ, ಕೋಲಾರದ ಕಡೆ ನೋಡುವಂಥದ್ದು ಏನೇನಿದೆ ಹೇಳಿ" ಅಂತ. ಬೆಂಗಳೂರಿನವರು ಕೇಳುತ್ತಾರೆ, ಮೈಸೂರು, ಧಾರವಾಡದವರೂ ಕೇಳುತ್ತಾರೆ. ಕೆಜಿಎಫ್ ಸಿನಿಮಾ ಬಂದ ಮೇಲೆ ಕಾಲೇಜು ಹುಡುಗರೂ ಕೇಳತೊಡಗಿದ್ದಾರೆ. ಹತ್ತು ಹೆಸರು ಬರೆದು ಕಳಿಸುವುದು ಕಷ್ಟದ ಕೆಲಸವಲ್ಲ. ಆದರೆ ಆ ಪಟ್ಟಿ ಹಿಡಿದು ಬಂದವರು ಬೆಳಿಗ್ಗೆ ಅಂತರಗಂಗೆ, ಆಮೇಲೆ ಕೋಟಿಲಿಂಗ, ನಡುಮಧ್ಯಾಹ್ನ ಬಾಗಿಲು ಹಾಕಿದ ಗುಡಿಗಳ ಮುಂದೆ ನಿಂತು ಒಂದೊಂದು ಫೋಟೊ, ಸಂಜೆಗೆ ಹೈವೇ ಹಿಡಿದು ವಾಪಸ್ಸು ಅಂತ ಮುಗಿಸಿಬಿಡುತ್ತಾರೆ. "ಅಂಥಾದ್ದೇನಿಲ್ಲ ಬಿಡಿ ನಿಮ್ಮ ಕಡೆ" ಅಂದುಬಿಡುತ್ತಾರೆ. ಆ ಮಾತು ಕೇಳಿದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಹಾಗಾಗಿ ಈಗ ಕೇಳಿದವರಿಗೆಲ್ಲ ನಾನು ಮೊದಲು ತಿರುಗಿ ಕೇಳುವುದು, ಯಾವಾಗ ಬರುತ್ತೀರಿ ಅಂತ.

ಏಕೆಂದರೆ ಕೋಲಾರ ಸೀಮೆಯಲ್ಲಿ ಹಳೆಯದು ಅನ್ನಿಸಿಕೊಂಡದ್ದೆಲ್ಲ ಇವತ್ತಿಗೂ ಬಳಕೆಯಲ್ಲಿದೆ. ಇಲ್ಲಿ ಹಂಪಿಯ ಹಾಗೆ ಊರು ಖಾಲಿಯಾಗಿ ಕಲ್ಲು ಉಳಿದಿಲ್ಲ. ಚೋಳರ ಕಾಲದ ಗುಡಿಗೆ ಈಗಲೂ ಹರಕೆ ಹೊತ್ತವರು ಬರುತ್ತಾರೆ, ಬೆಟ್ಟದ ಬುಗ್ಗೆಯ ನೀರನ್ನು ಈಗಲೂ ಕ್ಯಾನಿನಲ್ಲಿ ಹಿಡಿದು ಒಯ್ಯುತ್ತಾರೆ, ನೊಳಂಬರ ಗುಡಿಗಳ ಎದುರಿಗೇ ದನದ ಜಾತ್ರೆ ಕಟ್ಟುತ್ತದೆ. ಇಂಥ ಜಾಗವನ್ನು ಜನ ಬಳಸುವ ಹೊತ್ತಿನಲ್ಲಿ ನೋಡಬೇಕು. ಇಟಲಿಗೆ ಹೋಗಿಬಂದವರಿಗೆ ಈ ಮಾತು ಬೇಗ ತಿಳಿಯುತ್ತದೆ. ರೋಮಿನ ಪ್ಯಾಂಥಿಯನ್ ರೋಮನ್ನರು ಕಟ್ಟಿದ ದೇಗುಲ. 609ರಲ್ಲಿ ಅದು ಚರ್ಚಾಯಿತು, ಇಂದಿಗೂ ಅಲ್ಲಿ ಪೂಜೆ ನಡೆಯುತ್ತದೆ. ಕಟ್ಟಡ ಇಷ್ಟು ಕಾಲ ಗಟ್ಟಿಯಾಗಿ ಉಳಿದಿರುವುದಕ್ಕೆ ಅದನ್ನು ಜನ ಕೈಬಿಡದೆ ಬಳಸಿದ್ದೂ ಒಂದು ಕಾರಣ. ಸಿಯೆನಾ ಎಂಬ ಊರಿನಲ್ಲಿ ಪ್ರತಿವರ್ಷ ಜುಲೈ 2 ಮತ್ತು ಆಗಸ್ಟ್ 16ರಂದು ಪೇಟೆಯ ನಡುವಿನ ಚೌಕದಲ್ಲೇ ಕುದುರೆ ಓಟ. ಅದನ್ನು ನೋಡಬೇಕೆನ್ನುವವರು ದಿನ ಗೊತ್ತುಮಾಡಿಕೊಂಡೇ ಟಿಕೆಟ್ಟು ತೆಗೆಸುತ್ತಾರೆ. ಅಷ್ಟು ದೂರದ ಊರಿಗೆ ಪಂಚಾಂಗ ನೋಡಿ ಹೋಗುವವರು ಬೆಂಗಳೂರಿನಿಂದ ಎಪ್ಪತ್ತು ಕಿಲೋಮೀಟರೂ ಇಲ್ಲದ ಕೋಲಾರಕ್ಕೆ ಮಾತ್ರ ಸುಮ್ಮನೆ ಗಾಡಿ ಹತ್ತಿಬಿಡುತ್ತಾರೆ.

ಊರೊಳಗಿನಿಂದಲೇ ಶುರುಮಾಡೋಣ. ಕೋಲಾರ ಗಂಗರ ಮೊದಲ ರಾಜಧಾನಿ, ಆಗಿನ ಹೆಸರು ಕುವಲಾಲಪುರ. ಅವರು ರಾಜಧಾನಿಯನ್ನು ಕಾವೇರಿ ದಡದ ತಲಕಾಡಿಗೆ ಬದಲಾಯಿಸಿದ ಮೇಲೂ ಶಾಸನಗಳಲ್ಲಿ ತಮ್ಮನ್ನು ಕುವಲಾಲಪುರವರೇಶ್ವರರೆಂದೇ ಕರೆದುಕೊಂಡರು. ಬಿಟ್ಟುಬಂದ ಊರಿನ ಹೆಸರನ್ನು ಶತಮಾನಗಟ್ಟಲೆ ಬಿರುದಾಗಿ ಹೊತ್ತುಕೊಂಡ ಆ ಅರಸರ ಮೇಲೆ ನನಗೆ ಮೊದಲಿನಿಂದಲೂ ಒಂದು ಪ್ರೀತಿ. ಗಂಗರ ಕಾಲದ ಕಟ್ಟಡ ಹುಡುಕಿಕೊಂಡು ಪೇಟೆಯಲ್ಲಿ ಅಲೆಯಬೇಡಿ. ನಿಮ್ಮ ಕಣ್ಣಿಗೆ ಬೀಳುವುದು ಅವರ ನಂತರದವರ ಕೆಲಸ. ಮೊದಲು ಕೋಲಾರಮ್ಮನ ಗುಡಿಗೆ ಹೋಗಿ, ಅದೂ ಬೆಳಿಗ್ಗೆ ಬೇಗ. ಗ್ರಾನೈಟ್ ಕಲ್ಲಿನ ಈ ಗುಡಿಯ ಗೋಡೆಗಳ ಮೇಲೆ ಚೋಳರ ಕಾಲದ ತಮಿಳು ಶಾಸನಗಳಿವೆ. ರಾಜೇಂದ್ರ ಚೋಳನ ಕಾಲದವೂ ಅವುಗಳಲ್ಲಿವೆ. ಸಾವಿರ ವರ್ಷದ ಹಿಂದೆ ಈ ಊರು ತಂಜಾವೂರಿನ ದೊರೆಗಳ ಕೈಯಲ್ಲಿತ್ತು ಅನ್ನುವುದು ಪುಸ್ತಕ ಓದಿ ತಿಳಿದುಕೊಳ್ಳುವುದಕ್ಕಿಂತ ಆ ಗೋಡೆಯ ಪಕ್ಕ ನಡೆದಾಗ ಚೆನ್ನಾಗಿ ಮನಸ್ಸಿಗೆ ಇಳಿಯುತ್ತದೆ.

ಗುಡಿಯ ಒಳಗೆ ಕೋಲಾರಮ್ಮ ಒಂದು ಕಡೆ, ಚೇಳಮ್ಮ ಇನ್ನೊಂದು ಕಡೆ. ಚೇಳಮ್ಮ ಅಂದರೆ ಚೇಳಿನ ದೇವಿ. ಬಂಡೆ, ಕಲ್ಲುಗುಡ್ಡ, ಒಣಹೊಲದ ಸೀಮೆ ನಮ್ಮದು. ಕಲ್ಲು ಎತ್ತಿದರೆ ಚೇಳು ಇರುತ್ತದೆ ಅಂತ ಚಿಕ್ಕ ಮಕ್ಕಳಿಗೂ ಗೊತ್ತು. ಅದಕ್ಕೆ ತಕ್ಕ ದೇವತೆಯನ್ನು ಜನ ಇಟ್ಟುಕೊಂಡಿದ್ದಾರೆ. ಚೇಳಮ್ಮನಿಗೆ ನಡೆದುಕೊಂಡರೆ ಚೇಳು ಕಡಿಯುವುದಿಲ್ಲ ಎಂಬ ನಂಬಿಕೆ ಇದೆ. ಕಾಣಿಕೆ ಹಾಕಲು ನೆಲದಲ್ಲೇ ಒಂದು ಹುಂಡಿಯ ಗುಂಡಿ ಇದೆ, ತಲೆತಲಾಂತರದಿಂದ ಜನ ಅದಕ್ಕೆ ಕಾಸು ಹಾಕುತ್ತ ಬಂದಿದ್ದಾರೆ. ನಾನು ಹೊರಗಿನವರನ್ನು ಕರೆದುಕೊಂಡು ಹೋದಾಗಲೆಲ್ಲ ಅವರು ಮೊದಲು ಕಂಬದ ಕೆತ್ತನೆ ನೋಡುತ್ತಾರೆ, ಫೋಟೊ ತೆಗೆಯುತ್ತಾರೆ. ಅಷ್ಟರಲ್ಲಿ ಹೊಲದ ಕೆಲಸಕ್ಕೆ ಹೋಗುವ ಹೆಂಗಸೊಬ್ಬಳು ಬಂದು, ಸೆರಗಿನ ಗಂಟು ಬಿಚ್ಚಿ ಕಾಸು ಹಾಕಿ, ಒಂದು ನಿಮಿಷ ಕಣ್ಣು ಮುಚ್ಚಿ ಹೊರಟು ಹೋಗುತ್ತಾಳೆ. ಆ ಗುಡಿ ಯಾಕಿದೆ ಅನ್ನುವುದು ಆಗ ಅವರಿಗೆ ಅರ್ಥವಾಗುತ್ತದೆ. ಮಧ್ಯಾಹ್ನ ಬಾಗಿಲು ಮುಚ್ಚಿದ ಮೇಲೆ ಬಂದರೆ ಕಾಣುವುದು ಬರೀ ಗೋಡೆ.

ಕೋಲಾರಮ್ಮನ ಗುಡಿಯಿಂದ ಸೋಮೇಶ್ವರ ದೇವಸ್ಥಾನಕ್ಕೆ ನಡೆದೇ ಹೋಗಬಹುದು. ಇದು ವಿಜಯನಗರದವರ ಕಾಲದ್ದು. ಎತ್ತರದ ಗೋಪುರ, ಕಲ್ಯಾಣಿ, ಕಲ್ಯಾಣಮಂಟಪ ಎಲ್ಲ ಇದೆ. ಕಲ್ಯಾಣಮಂಟಪದ ಕಂಬಗಳ ಮುಂದೆ ಅರ್ಧ ಗಂಟೆ ಕೂರಿ. ಕೋಲಾರದ ಕಲ್ಲು ಬಲು ಗಡಸು, ಹಳೇಬೀಡಿನ ಮೆತ್ತನೆಯ ಬಳಪದ ಕಲ್ಲಿನ ಹಾಗೆ ಉಳಿಗೆ ಸುಲಭವಾಗಿ ಒಗ್ಗುವುದಿಲ್ಲ. ಅಂಥ ಕಲ್ಲಿನಲ್ಲಿ ಈ ಕುಸುರಿ ಬಿಡಿಸಿದ್ದಾರೆ ಅನ್ನುವುದನ್ನು ಮನಸ್ಸಿನಲ್ಲಿಟ್ಟುಕೊಂಡು ನೋಡಬೇಕು. ಹೊಯ್ಸಳರ ಗುಡಿಗಳಿಗೆ ಹೋಲಿಸಿ ಮೂಗು ಮುರಿಯುವವರ ಜೊತೆ ನಾನು ಎಷ್ಟು ಸಲ ವಾದ ಮಾಡಿದ್ದೇನೋ! ಊರಲ್ಲೇ ಇರುವ ಮಕ್ಬರಾಕ್ಕೂ ಹೋಗಿ. ಅಲ್ಲಿ ಹೈದರ್ ಅಲಿಯ ತಂದೆ ಫತೇ ಮಹಮ್ಮದನ ಸಮಾಧಿ ಇದೆ. ಹೈದರ್ ಹುಟ್ಟಿದ್ದು ಇದೇ ಜಿಲ್ಲೆಯ ಬೂದಿಕೋಟೆಯಲ್ಲಿ. 1782ರಲ್ಲಿ ಚಿತ್ತೂರಿನ ಹತ್ತಿರ ದಂಡಿನ ಬಿಡಾರದಲ್ಲಿ ಸತ್ತಾಗ ಅವನ ದೇಹವನ್ನು ಮೊದಲು ತಂದದ್ದು ಕೋಲಾರಕ್ಕೆ. ಶ್ರೀರಂಗಪಟ್ಟಣದ ಗುಂಬಜ್‌ಗೆ ಸಾಗಿಸಿದ್ದು ಆಮೇಲೆ. ಗಂಗರ ರಾಜಧಾನಿ, ಚೋಳರ ಶಾಸನ, ವಿಜಯನಗರದ ಮಂಟಪ, ಹೈದರನ ಮನೆತನದ ಸಮಾಧಿ, ಇಷ್ಟೂ ಒಂದೇ ಪೇಟೆಯಲ್ಲಿವೆ. ಗಾಡಿ ಒಂದು ಕಡೆ ನಿಲ್ಲಿಸಿ ನಡೆಯಿರಿ. ಸಂದಿಯಲ್ಲಿ ಕನ್ನಡ, ತೆಲುಗು, ದಖನಿ ಮೂರೂ ಕಿವಿಗೆ ಬೀಳುತ್ತವೆ. ಕನ್ನಡದಲ್ಲಿ ಶುರುವಾದ ವಾಕ್ಯ ತೆಲುಗಿನಲ್ಲಿ ಮುಗಿದರೆ ಆಶ್ಚರ್ಯಪಡಬೇಡಿ. ನಮ್ಮ ಮನೆಗಳಲ್ಲೂ ಅದು ಹಾಗೆಯೇ.

ಅಂತರಗಂಗೆ ಬೆಟ್ಟಕ್ಕೆ ಬೆಂಗಳೂರಿನಿಂದ ರಾತ್ರಿ ಬಂದು ಟಾರ್ಚು ಹಿಡಿದು ಹತ್ತುವುದು ಈಚಿನ ರೂಢಿ. ಗುಹೆಯ ಸಂದಿಯಲ್ಲಿ ನುಸುಳಿ, ಮೇಲೆ ಕೂತು ಸೂರ್ಯೋದಯ ನೋಡಿ ಇಳಿದುಬಿಡುತ್ತಾರೆ. ವಯಸ್ಸಿನ ಹುಡುಗರಿಗೆ ಅದೂ ಬೇಕು, ಬೇಡ ಅನ್ನುವುದಿಲ್ಲ. ಆದರೆ ಆ ಬೆಟ್ಟದಲ್ಲಿ ನೋಡಲೇಬೇಕಾದದ್ದು ಕಾಶಿ ವಿಶ್ವೇಶ್ವರನ ಗುಡಿಯ ಕಲ್ಯಾಣಿ. ಅಲ್ಲಿ ಕಲ್ಲಿನ ಬಸವನ ಬಾಯಿಂದ ನೀರು ಬೀಳುತ್ತಲೇ ಇರುತ್ತದೆ. ಬಿರುಕು ಬಿಟ್ಟ ಬಂಡೆಗಳ ಒಳಗೆ ಇಂಗಿದ ಮಳೆನೀರು ತಡೆತಡೆದು ಹೊರಬರುವ ಬುಗ್ಗೆ ಅದು. ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲದ ಜಿಲ್ಲೆಯಲ್ಲಿ, ಕೊಳವೆಬಾವಿ ಸಾವಿರ ಅಡಿ ದಾಟಿದ ಸೀಮೆಯಲ್ಲಿ, ಕಲ್ಲಿನಿಂದ ನೀರು ಬರುವುದನ್ನು ನೋಡಿದರೆ ಜನ ಅದಕ್ಕೆ ಗಂಗೆಯ ಹೆಸರು ಯಾಕೆ ಕೊಟ್ಟರು ಅನ್ನುವುದು ಹೇಳದೆಯೇ ತಿಳಿಯುತ್ತದೆ. 2018ರಿಂದ ಬೆಂಗಳೂರಿನ ಸಂಸ್ಕರಿಸಿದ ನೀರು ಕೆ.ಸಿ. ವ್ಯಾಲಿ ಯೋಜನೆಯಲ್ಲಿ ನಮ್ಮ ಕೆರೆಗಳಿಗೆ ಬರುತ್ತಿದೆ. ಬಹುಕಾಲ ಒಣಗಿ ಬಿದ್ದಿದ್ದ ಕೆರೆಗಳಲ್ಲಿ ಈಗ ನೀರು ನಿಂತಿದೆ. ಆ ನೀರನ್ನು ಇನ್ನೂ ಒಂದು ಹಂತ ಶುದ್ಧಮಾಡಿ ಕೊಡಿ ಎಂಬ ರೈತರ ಒತ್ತಾಯ ಮಾತ್ರ ನಿಂತಿಲ್ಲ, ಆ ಒತ್ತಾಯ ನ್ಯಾಯವಾದದ್ದು ಎಂದೇ ನನ್ನ ಅಭಿಪ್ರಾಯ.

ಅದೇ ಬೆಟ್ಟಸಾಲಿನ ಮೇಲೆ ತೇರಹಳ್ಳಿ ಇದೆ. ಬೆಟ್ಟದ ಮೇಲೆ ಹೊಲ, ಮನೆ, ಬದುಕು ಎಲ್ಲ ಇವೆ ಅನ್ನುವುದು ಕೆಳಗಿನಿಂದ ನೋಡಿದವರಿಗೆ ಗೊತ್ತೇ ಆಗುವುದಿಲ್ಲ. ಅಲ್ಲಿ ನಾಟಕಕಾರ ಕೋಟಿಗಾನಹಳ್ಳಿ ರಾಮಯ್ಯ ಮತ್ತು ಗೆಳೆಯರು ಕಟ್ಟಿದ ಆದಿಮ ಸಾಂಸ್ಕೃತಿಕ ಕೇಂದ್ರವಿದೆ. ಅದರ "ಹುಣ್ಣಿಮೆ ಹಾಡು" ಕಾರ್ಯಕ್ರಮ ಹೆಸರೇ ಹೇಳುವ ಹಾಗೆ ಹುಣ್ಣಿಮೆಯ ರಾತ್ರಿಯದು. ಬಯಲಿನಲ್ಲಿ ಹಾಡು, ನಾಟಕ, ತಮಟೆ, ಮಾತು. ಕೋಲಾರ ಜಿಲ್ಲೆಯ ದಲಿತ ಚಳವಳಿಯಿಂದ ಬಂದ ಹಾಡುಗಳು ಕನ್ನಡ ನಾಡನ್ನೆಲ್ಲ ಸುತ್ತಿವೆ, ಆ ಹಾಡುಗಳ ನೆಲ ಇದು. ನೀವು ಬರುವ ವಾರದಲ್ಲಿ ಹುಣ್ಣಿಮೆ ಬಿದ್ದರೆ ಮೊದಲೇ ವಿಚಾರಿಸಿಕೊಂಡು, ಒಂದು ಶಾಲು ಹೊದ್ದು ಅಲ್ಲಿಗೆ ಹೋಗಿ. ಗುಡಿ ಗೋಪುರಗಳನ್ನಷ್ಟೇ ನೋಡಿ ಹೋದವರಿಗೆ ಈ ಊರಿನ ಅರ್ಧ ದನಿ ಕೇಳಿಸಿರುವುದಿಲ್ಲ.

ಊಟದ ವಿಚಾರದಲ್ಲಂತೂ ನಾನು ಇನ್ನೂ ಕಟ್ಟುನಿಟ್ಟು. ಚಳಿಗಾಲದಲ್ಲಿ, ಧನುರ್ಮಾಸದ ಇಬ್ಬನಿ ಬೀಳುವಾಗ ಬಂದರೆ ಅವರೆಕಾಯಿ. ಇಬ್ಬನಿ ಕುಡಿದ ಕಾಯಿಗೆ ಮಾತ್ರ ಆ ಸೊಗಡು. ಕೈಯಲ್ಲಿ ಹಿಡಿದರೆ ಅಂಟಬೇಕು, ಮೂಗಿಗೆ ಹಿಡಿದರೆ ಘಮ್ಮೆನ್ನಬೇಕು. ಕಾಳು ಬಿಡಿಸಿ, ರಾತ್ರಿ ನೀರಲ್ಲಿ ನೆನೆಹಾಕಿ, ಬೆಳಿಗ್ಗೆ ಒಂದೊಂದೇ ಕಾಳನ್ನು ಬೆರಳಲ್ಲಿ ಒತ್ತಿ ಸಿಪ್ಪೆ ತೆಗೆದರೆ ಅದು ಹಿತಕಿದ ಬೇಳೆ. ಮನೆಮಂದಿಯೆಲ್ಲ ಮೊರದ ಸುತ್ತ ಕೂತು ಹಿತುಕಬೇಕಾದ ಕೆಲಸ. ಆ ಬೇಳೆಯ ಸಾರಿಗೆ ರಾಗಿಮುದ್ದೆ. ಹೋಟೆಲಿನಲ್ಲಿ ಇದು ಒಂದು ಮಟ್ಟಕ್ಕೆ ಸಿಕ್ಕೀತು, ಮನೆಯಲ್ಲಿ ಉಣ್ಣುವ ಅವಕಾಶ ಸಿಕ್ಕರೆ ಬಿಡಬೇಡಿ. ಕೋಲಾರದಲ್ಲಿ ನಿಮಗೆ ದೂರದ ನೆಂಟರು, ಹಳೆಯ ಸಹಪಾಠಿ ಯಾರೇ ಇದ್ದರೂ ಆ ಸಂಬಂಧವನ್ನು ಜನವರಿಯಲ್ಲಿ ನೆನಪು ಮಾಡಿಕೊಳ್ಳಿ.

ಮಳೆ ಬಿದ್ದು ಹೊಲದ ಬದು ಹಸಿರಾದಾಗ ಬಂದರೆ ಬೆರಕೆ ಸೊಪ್ಪು. ಇದನ್ನು ಯಾರೂ ಬಿತ್ತುವುದಿಲ್ಲ. ಹೊಲದಲ್ಲಿ ತಾನಾಗಿ ಹುಟ್ಟುವ ಅಣ್ಣೆ, ಗಣಿಕೆ, ಹೊನಗೊನೆ, ಕೀರೆ, ದಂಟು, ಗೋಣಿ, ಇನ್ನೂ ಹೆಸರು ಗೊತ್ತಿಲ್ಲದ ಎಷ್ಟೋ ಸೊಪ್ಪುಗಳನ್ನು ಹೆಂಗಸರು ಮಡಿಲು ತುಂಬ ಕಿತ್ತು ತರುತ್ತಾರೆ. ಯಾವುದು ಎಷ್ಟು ಬೆರೆಸಬೇಕು, ಯಾವುದು ಕಹಿ, ಯಾವುದು ಎಳೆಯದಿದ್ದಾಗ ಮಾತ್ರ ತಿನ್ನಬೇಕು ಅನ್ನುವುದು ಅವರಿಗೆ ಕೈಯಲ್ಲೇ ಗೊತ್ತು. ಬೇಳೆಯ ಜೊತೆ ಬೇಯಿಸಿ ಬಸಿದರೆ ಬಸ್ಸಾರು, ಮಸೆದರೆ ಮಸ್ಸೊಪ್ಪು. ನೀರಿಲ್ಲದ ಸೀಮೆಯ ಜನ ಏನು ತಿಂದು ಗಟ್ಟಿಯಾಗಿ ಬದುಕಿದರು ಎಂದು ಕೇಳಿದರೆ ನಾನು ತೋರಿಸುವುದು ಈ ತಟ್ಟೆಯನ್ನು. ಕಳೆನಾಶಕ ಹೊಡೆಯುವುದು ಹೆಚ್ಚಾದ ಮೇಲೆ ಬದುಗಳಲ್ಲಿ ಈ ಸೊಪ್ಪು ಕಡಿಮೆಯಾಗುತ್ತಿದೆ. ಬಂದವರು ಕೇಳಿ ತಿಂದರೆ ಸೊಪ್ಪು ಕೀಳುವವರಿಗೆ ನಾಲ್ಕು ಕಾಸಾದರೂ ಸಿಗುತ್ತದೆ, ಹೆಸರುಗಳಾದರೂ ಉಳಿಯುತ್ತವೆ. ಮಾಂಸ ತಿನ್ನುವವರಿಗೆ ಮುದ್ದೆ ಮತ್ತು ನಾಟಿಕೋಳಿ ಸಾರಿನ ವಿಚಾರ ನಾನು ಹೇಳಬೇಕಾಗಿಲ್ಲ, ಹೈವೇ ಪಕ್ಕದ ಬೋರ್ಡುಗಳೇ ಹೇಳುತ್ತವೆ.

ಕೋಲಾರದಿಂದ ಪೂರ್ವಕ್ಕೆ ತಿರುಪತಿ ರಸ್ತೆಯಲ್ಲಿ ಮೂವತ್ತು ಕಿಲೋಮೀಟರ್ ಹೋದರೆ ಮುಳಬಾಗಿಲು. ಇಲ್ಲಿಗೆ ತಿಂಡಿ ಹೊತ್ತಿಗೆ ತಲುಪುವ ಹಾಗೆ ಹೊರಡಿ. ಮುಳಬಾಗಿಲು ದೋಸೆ ಅಂತ ಬೆಂಗಳೂರಿನ ತುಂಬ ಬೋರ್ಡು ಹಾಕಿದ್ದಾರಲ್ಲ, ಅದರ ತವರು ಇದು. ಅಗಲವಾದ ತೆಳ್ಳನೆಯ ದೋಸೆಯಲ್ಲ. ಚಿಕ್ಕದು, ದಪ್ಪ, ತುಪ್ಪ ಹಾಕಿ ಮುಚ್ಚಿ ಬೇಯಿಸಿದ್ದು, ತಳ ಹೊಂಬಣ್ಣಕ್ಕೆ ಗರಿಗರಿ, ಒಳಗೆ ಹತ್ತಿಯ ಹಾಗೆ ಮೆತ್ತಗೆ. ಆಲೂಗಡ್ಡೆ ಪಲ್ಯ, ಚಟ್ನಿ ಜೊತೆಗೆ. ಕಾವಲಿಯಿಂದ ಎತ್ತಿದ ಐದು ನಿಮಿಷದೊಳಗೆ ತಿನ್ನಬೇಕಾದ ತಿಂಡಿ ಇದು, ಕಟ್ಟಿಸಿಕೊಂಡು ಹೋದರೆ ಬಿಸಿಯ ಹಬೆಗೆ ಗರಿಯೆಲ್ಲ ಹೋಗಿಬಿಡುತ್ತದೆ. ದಯವಿಟ್ಟು ಪಾರ್ಸಲ್ ಕೇಳಬೇಡಿ.

ದೋಸೆ ತಿಂದು ಹಾಗೇ ಹೊರಟುಬಿಡುವ ಊರಲ್ಲ ಮುಳಬಾಗಿಲು. ವಿಜಯನಗರ ಸಾಮ್ರಾಜ್ಯಕ್ಕೆ ಇದು ಮೂಡಲ ಹೆಬ್ಬಾಗಿಲು. ಬುಕ್ಕರಾಯನ ಮಗ ಕುಮಾರ ಕಂಪಣ ಇಲ್ಲಿಂದ ಆಳುತ್ತಿದ್ದ. ಮಧುರೆಯ ತನಕ ದಂಡು ಕೊಂಡೊಯ್ದು ಗೆದ್ದವನು ಅವನು. ಆ ಗೆಲುವನ್ನು ಅವನ ರಾಣಿ ಗಂಗಾದೇವಿ "ಮಧುರಾವಿಜಯ" ಎಂಬ ಸಂಸ್ಕೃತ ಕಾವ್ಯವಾಗಿ ಬರೆದಳು. ಗಂಡನ ಯುದ್ಧವನ್ನು ಹೆಂಡತಿಯೇ ಕಾವ್ಯವಾಗಿಸಿದ್ದು ಚರಿತ್ರೆಯಲ್ಲಿ ಎಷ್ಟು ಕಡೆ ಸಿಗುತ್ತದೆ ಹೇಳಿ! ಊರಲ್ಲಿ ಆ ದಂಪತಿಯ ನೆನಪಿಗೆ ಒಂದು ಒಳ್ಳೆಯ ಸ್ಮಾರಕ ಇರಬೇಕಿತ್ತು ಅಂತ ನನಗೆ ಯಾವಾಗಲೂ ಅನ್ನಿಸುತ್ತದೆ. ಅರ್ಜುನ ಪ್ರತಿಷ್ಠೆ ಮಾಡಿದ ಎಂದು ಜನ ನಂಬುವ ಆಂಜನೇಯನ ಗುಡಿ ಪೇಟೆಯಲ್ಲೇ ಇದೆ. ಊರಾಚೆಯ ನರಸಿಂಹತೀರ್ಥದಲ್ಲಿ ಶ್ರೀಪಾದರಾಜರ ವೃಂದಾವನ. ವ್ಯಾಸರಾಯರಿಗೆ ವಿದ್ಯಾಗುರುಗಳಾಗಿದ್ದವರು, ರಂಗವಿಠಲ ಅಂಕಿತದಲ್ಲಿ ಕನ್ನಡ ಹಾಡುಗಳನ್ನು ರಚಿಸಿದವರು ಅವರು. ಸಂಸ್ಕೃತದ ಮಠದೊಳಗೆ ಕನ್ನಡಕ್ಕೆ ಮಣೆ ಹಾಕಿದ ಧೈರ್ಯ ಅವರದು, ಪುರಂದರದಾಸರು, ಕನಕದಾಸರು ಬಂದದ್ದು ಆ ದಾರಿಯ ಮುಂದುವರಿಕೆಯಾಗಿ. ತಿರುಪತಿಗೆ ಹೊರಟವರು ಈ ತೀರ್ಥದಲ್ಲಿ ಮಿಂದು ಮುಂದೆ ಹೋಗುವ ವಾಡಿಕೆ ಹಿಂದಿನಿಂದ ಇತ್ತು. ಈಗ ಕಾರುಗಳು ಬೈಪಾಸಿನಲ್ಲೇ ಹಾರಿಹೋಗುತ್ತವೆ. ಹೈದರ್ ವಲಿ ದರ್ಗಾ ಕೂಡ ಇದೇ ಊರಿನಲ್ಲಿದೆ. ಇದೇ ಊರಲ್ಲಿ 1887ರಲ್ಲಿ ಡಿ.ವಿ. ಗುಂಡಪ್ಪನವರು ಹುಟ್ಟಿದರು. "ಮಂಕುತಿಮ್ಮನ ಕಗ್ಗ" ಮನೆಯಲ್ಲಿಟ್ಟುಕೊಂಡ ಎಷ್ಟೋ ಜನರಿಗೆ ಅದರ ಕರ್ತೃ ಮುಳಬಾಗಿಲಿನವರು ಅನ್ನುವುದು ಗೊತ್ತಿರುವುದಿಲ್ಲ.

ಮುಳಬಾಗಿಲಿಗೆ ಹತ್ತಿರದ ಕುರುಡುಮಲೆಯಲ್ಲಿ ಆಳೆತ್ತರವನ್ನು ಮೀರಿದ, ಹದಿಮೂರು ಅಡಿಯಷ್ಟು ಎತ್ತರದ ಏಕಶಿಲೆಯ ಗಣಪತಿ. ಚೌತಿಯ ದಿನ ಕಾಲಿಡಲು ಜಾಗವಿರುವುದಿಲ್ಲ, ಮೂರ್ತಿಯನ್ನು ಸಾವಧಾನವಾಗಿ ನೋಡಬೇಕೆನ್ನುವವರು ಬೇರೆ ದಿನ ಬನ್ನಿ. ಗಣಪತಿಯನ್ನು ನೋಡಿದವರು ಅಲ್ಲೇ ಇರುವ ಸೋಮೇಶ್ವರನ ಗುಡಿಗೆ ಹೋಗದೆ ಬಂದುಬಿಡುವುದುಂಟು. ಅದು ಇನ್ನೂ ಹಳೆಯದು. ಅದರ ಒಂದು ಭಾಗ ಜಕಣಾಚಾರಿ, ಇನ್ನೊಂದು ಭಾಗ ಮಗ ಡಂಕಣಾಚಾರಿ ಕೆತ್ತಿದ್ದು ಅಂತ ಊರವರು ಎರಡು ಬದಿಯ ವ್ಯತ್ಯಾಸ ತೋರಿಸಿ ಹೇಳುತ್ತಾರೆ. ಕಥೆಯನ್ನು ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು, ಅದರ ನೆಪದಲ್ಲಿ ಗೋಡೆಯನ್ನು ಸೂಕ್ಷ್ಮವಾಗಿ ನೋಡುವುದಂತೂ ಆಗುತ್ತದೆ.

ನನ್ನನ್ನು ಕೇಳಿದರೆ ಈ ಸೀಮೆಯ ಮುಕುಟ ಆವನಿ. ಒಂದೇ ಪ್ರಾಕಾರದೊಳಗೆ ರಾಮಲಿಂಗೇಶ್ವರ, ಲಕ್ಷ್ಮಣೇಶ್ವರ, ಭರತೇಶ್ವರ, ಶತ್ರುಘ್ನೇಶ್ವರ ಅಂತ ಅಣ್ಣತಮ್ಮಂದಿರ ಹೆಸರಿನ ಶಿವಾಲಯಗಳು. ಹತ್ತನೆಯ ಶತಮಾನದ ನೊಳಂಬರ ಕೆಲಸ. ನೊಳಂಬರು ದೊಡ್ಡ ಸಾಮ್ರಾಜ್ಯದವರಲ್ಲ, ಪಠ್ಯಪುಸ್ತಕದಲ್ಲಿ ಅವರಿಗೆ ಒಂದು ಸಾಲು ಸಿಕ್ಕರೆ ಹೆಚ್ಚು. ಆದರೆ ಕಲ್ಲಿನ ಕೆಲಸದಲ್ಲಿ ಅವರದೇ ಒಂದು ಕೈ ಇತ್ತು. ನೋಡುವಾಗ ತಲೆಯೆತ್ತಿ ಒಳಮಾಳಿಗೆ ನೋಡುವುದನ್ನು ಮರೆಯಬೇಡಿ: ನಡುವೆ ಉಮಾಮಹೇಶ್ವರ, ಸುತ್ತ ಎಂಟು ದಿಕ್ಕಿಗೆ ದಿಕ್ಪಾಲಕರು. ಆವನಿಯಲ್ಲಿ ತ್ರಿಭುವನಕರ್ತಾರ ಎಂಬ ಶೈವಗುರು ನಲವತ್ತು ವರ್ಷ ಈ ನಾಡನ್ನು ಆಳಿ ಐವತ್ತು ಗುಡಿ, ಎರಡು ದೊಡ್ಡ ಕೆರೆ ಕಟ್ಟಿಸಿದ ಅಂತ ಶಾಸನ ಹೇಳುತ್ತದೆ. ಗುಡಿಯ ಲೆಕ್ಕದ ಜೊತೆಗೇ ಕೆರೆಯ ಲೆಕ್ಕವನ್ನೂ ಬರೆಸಿದ್ದಾರೆ, ಈ ಸೀಮೆಯಲ್ಲಿ ಪುಣ್ಯ ಅಂದರೆ ಅದೇ. ಹಿಂದಿನ ಬೆಟ್ಟದ ಮೇಲೆ ಸೀತಮ್ಮನ ಗುಡಿ ಇದೆ. ವಾಲ್ಮೀಕಿಯ ಆಶ್ರಮ ಇಲ್ಲಿತ್ತು, ಲವಕುಶರು ಹುಟ್ಟಿದ್ದು ಇಲ್ಲೇ ಅನ್ನುವುದು ಜನರ ನಂಬಿಕೆ, ಮಕ್ಕಳಿಲ್ಲದ ಹೆಂಗಸರು ಹರಕೆ ಹೊತ್ತು ಹತ್ತುತ್ತಾರೆ.

ಆವನಿಗೆ ಶಿವರಾತ್ರಿಯ ಸಮಯಕ್ಕೆ ಬನ್ನಿ. ರಥ, ಜಾತ್ರೆ, ಅದರ ಜೊತೆಗೆ ದನಗಳ ಪರಿಷೆ. ಎತ್ತುಗಳಿಗೆ ಕೊಂಬು ಸವರಿ, ಗೆಜ್ಜೆ ಕಟ್ಟಿ, ಪೆಂಡಾಲಿನಡಿ ಸಾಲಾಗಿ ನಿಲ್ಲಿಸಿರುತ್ತಾರೆ. ಟವೆಲಿನಡಿ ಕೈ ಹಾಕಿ ಬೆರಳು ಹಿಡಿದು ಬೆಲೆ ಮಾತಾಡುವ ದಲ್ಲಾಳಿಗಳನ್ನು ಇನ್ನೂ ನೋಡಬಹುದು. ಟ್ರ್ಯಾಕ್ಟರು ಬಂದ ಮೇಲೆ ಎತ್ತು ಕಡಿಮೆಯಾದವು, ಪರಿಷೆಯೂ ವರ್ಷದಿಂದ ವರ್ಷಕ್ಕೆ ಸಣ್ಣದಾಗುತ್ತಿದೆ. ಹಾಗಾಗಿ ಮುಂದೊಂದು ದಿನ ನೋಡೋಣ ಅಂತ ಇದನ್ನು ಮುಂದೂಡಬೇಡಿ. ಉಳಿದ ದಿನಗಳಲ್ಲಿ ಆವನಿಯಲ್ಲಿ ನಿಮ್ಮನ್ನು ಬಿಟ್ಟರೆ ಅರ್ಚಕರು, ನಾಲ್ಕು ಕೋತಿ. ಕೆತ್ತನೆ ನೋಡುವವರಿಗೆ ಅದೇ ಅನುಕೂಲ.

ಮಾಲೂರಿನ ಕಡೆ ಬರುವವರಿಗೆ ಹೇಳುವುದು ಕಡಿಮೆ. ಬೆಂಗಳೂರಿನ ಹಳೆಯ ಮನೆಗಳಿಗೆ ಹೆಂಚು, ಇಟ್ಟಿಗೆ ಕೊಟ್ಟ ಊರು ಅದು. ಚಿಕ್ಕತಿರುಪತಿಯ ವೆಂಕಟರಮಣನ ಗುಡಿಗೆ ಶ್ರಾವಣ ಶನಿವಾರ ಜನಸಾಗರ. ಆದರೆ ಓದುವ ಅಭ್ಯಾಸ ಇರುವವರು ಅದೇ ತಾಲ್ಲೂಕಿನ ಮಾಸ್ತಿಗೆ ಹೋಗಬೇಕು. ಮಾಸ್ತಿ ವೆಂಕಟೇಶ ಅಯ್ಯಂಗಾರ್ 1891ರಲ್ಲಿ ಹುಟ್ಟಿದ್ದು ಹತ್ತಿರದ ಹುಂಗೇನಹಳ್ಳಿಯಲ್ಲಿ. "ಚಿಕವೀರ ರಾಜೇಂದ್ರ" ಕಾದಂಬರಿಗೆ 1983ರ ಜ್ಞಾನಪೀಠ ಬಂತು. ಅವರ ಸಣ್ಣ ಕಥೆಗಳ ಒಂದು ಪುಸ್ತಕ ಜೊತೆಯಲ್ಲಿಟ್ಟುಕೊಂಡು ಹೋಗಿ, ಆ ಊರಿನ ಯಾವುದಾದರೂ ಜಗಲಿಯ ಮೇಲೆ ಕೂತು ಒಂದು ಕಥೆ ಓದಿ. ಮನೆಮಾತು ತಮಿಳಾದವರು ಈ ತೆಲುಗು ಬೆರೆತ ಸೀಮೆಯಲ್ಲಿ ಬೆಳೆದು ಅಷ್ಟು ತಿಳಿಗನ್ನಡ ಬರೆದರು.

ಇನ್ನು ಶ್ರೀನಿವಾಸಪುರ. ಇದಕ್ಕೆ ಕಾಲ ಒಂದೇ, ಮೇ ತಿಂಗಳಿಂದ ಜುಲೈವರೆಗೆ. ದಿವಾನ್ ಪೂರ್ಣಯ್ಯನವರು ತಮ್ಮ ಮಗನ ಹೆಸರಿಡುವುದಕ್ಕೆ ಮುಂಚೆ ಪಾಪನಪಲ್ಲಿ ಅನ್ನಿಸಿಕೊಂಡಿದ್ದ ಊರು. ಈಗ ನಾಡಿಗೆಲ್ಲ ಮಾವಿನ ಊರು. ಊರಿಗೆ ಹತ್ತು ಕಿಲೋಮೀಟರ್ ಇರುವಾಗಲೇ ರಸ್ತೆಯ ಎರಡೂ ಕಡೆ ತೋಟ ಶುರು. ಮಂಡಿಗೆ ಬೆಳಿಗ್ಗೆ ಹೋಗಿ. ಟ್ರ್ಯಾಕ್ಟರಿನಿಂದ ಕಾಯಿ ಇಳಿಸುವುದು, ಗಾತ್ರ ನೋಡಿ ವಿಂಗಡಿಸುವುದು, ಹರಾಜು ಕೂಗುವುದು, ಕ್ರೇಟಿಗೆ ತುಂಬುವುದು ಎಲ್ಲ ಒಟ್ಟಿಗೇ ನಡೆಯುತ್ತಿರುತ್ತದೆ. ಎಲ್ಲ ಹಣ್ಣೂ ಒಂದೇ ಸಲ ಬರುವುದಿಲ್ಲ ಅನ್ನುವುದು ಹೊರಗಿನವರಿಗೆ ತಿಳಿದಿರುವುದಿಲ್ಲ. ಮೊದಮೊದಲು ಸೇಂದೂರ, ರಸಪುರಿ, ಬಾದಾಮಿ. ನಡುವೆ ಬೇನಿಷಾ, ಮಲ್ಲಿಕಾ. ತೋತಾಪುರಿ ಲಾರಿಗಟ್ಟಲೆ ಬರುವುದು ಜೂನ್ ಆದಮೇಲೆ. ಕೊನೆಗೆ ನೀಲಂ. ರಸಪುರಿ ತಿನ್ನಬೇಕೆಂದು ಜುಲೈ ಕೊನೆಯಲ್ಲಿ ಬಂದರೆ ಅದು ಮುಗಿದಿರುತ್ತದೆ. ನಮ್ಮ ಕಡೆಯವರನ್ನು ಕೇಳಿದರೆ ಮನೆಗೆ ರಸಪುರಿಯೇ ಅನ್ನುತ್ತಾರೆ. ನಾರಿಲ್ಲದ ಬಾದಾಮಿ ಹೋಳು ಹಚ್ಚಲು ಚೆನ್ನ, ಕೈಯಲ್ಲಿ ಹಿಸುಕಿ ರಸ ಹೀರಲು ರಸಪುರಿಯ ಸಮಕ್ಕೆ ಯಾವುದೂ ಇಲ್ಲ. ಹುಲ್ಲಿನಲ್ಲಿ ಮಾಗಿದ ಹಣ್ಣು ಕೇಳಿ ತೆಗೆದುಕೊಳ್ಳಿ. ಬಣ್ಣ ಒಂದೇ ಸಮ ಹಳದಿ ಇದ್ದು, ತೊಟ್ಟಿನ ಹತ್ತಿರ ಮೂಗಿಟ್ಟರೆ ವಾಸನೆಯೇ ಇಲ್ಲದಿದ್ದರೆ ಬಿಡಿ.

ತೋತಾಪುರಿಯ ಕಥೆ ಬೇರೆ. ಅದು ಹೆಚ್ಚಾಗಿ ಹೋಗುವುದು ಗಡಿಯಾಚೆ ಚಿತ್ತೂರಿನ ತಿರುಳಿನ ಕಾರ್ಖಾನೆಗಳಿಗೆ. 2025ರ ಜೂನ್‌ನಲ್ಲಿ ಚಿತ್ತೂರು ಜಿಲ್ಲಾಡಳಿತ ಹೊರರಾಜ್ಯದ ತೋತಾಪುರಿಗೆ ತಡೆ ಹಾಕಿದಾಗ ಶ್ರೀನಿವಾಸಪುರದ ರೈತರ ಪಾಡು ಹೇಳತೀರದಾಯಿತು. ವಿಷಯ ಎರಡು ರಾಜ್ಯಗಳ ಮುಖ್ಯಮಂತ್ರಿಗಳವರೆಗೆ ಹೋಯಿತು. ಇಷ್ಟು ಹಣ್ಣು ಬೆಳೆಯುವ ತಾಲ್ಲೂಕಿಗೆ ನಮ್ಮ ಕಡೆಯೇ ಬೇಕಾದಷ್ಟು ಕಾರ್ಖಾನೆಗಳು ಇರಬೇಕಿತ್ತು ಎಂಬುದು ಇಲ್ಲಿಯ ಹಳೆಯ ದೂರು. ಮಂಡಿಗೆ ಬಂದವರು ರೈತರ ಹತ್ತಿರ ಎರಡು ಮಾತಾಡಿ. ಕಾಲು ಹಾಕಿಕೊಂಡು ಕೂತು ಎಲ್ಲವನ್ನೂ ಬಿಡಿಸಿ ಹೇಳುತ್ತಾರೆ, ಅರ್ಧ ತೆಲುಗಿನಲ್ಲಿ.

ಕೆಜಿಎಫ್ ಕೇಳುವ ಹುಡುಗರಿಗೆ ಒಂದು ಮಾತು. ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಮೂರು ಕಿಲೋಮೀಟರಿಗೂ ಆಳಕ್ಕೆ ಜನ ಇಳಿದು ದುಡಿದ ಆ ಸುರಂಗಗಳಿಗೆ ಈಗ ಯಾರನ್ನೂ ಬಿಡುವುದಿಲ್ಲ. ಸಿನಿಮಾದಲ್ಲಿ ಕಂಡ ಬೂದುಬಣ್ಣದ ದಿಬ್ಬಗಳು ಚಿನ್ನ ತೆಗೆದು ಉಳಿದ ಸೈನೈಡ್ ಮಣ್ಣಿನವು, ಗಾಳಿ ಬೀಸಿದರೆ ಆ ಧೂಳು ಕಾರ್ಮಿಕರ ಮನೆಗಳ ಒಳಗೆ ಬರುತ್ತದೆ. ರೀಲ್ಸ್ ಮಾಡಲು ಹತ್ತುವ ಜಾಗ ಅದಲ್ಲ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಮೊದಲು ಬಂದ ಆ ಊರಿನ ಬಗ್ಗೆ, ಅಲ್ಲಿ ಉಳಿದುಕೊಂಡ ಜನರ ಬಗ್ಗೆ ಇನ್ನೊಂದು ವಾರ ಪ್ರತ್ಯೇಕವಾಗಿ ಬರೆಯುತ್ತೇನೆ. ಆ ಕಡೆ ಹೋದವರು ವಾಪಸ್ಸು ಬರುವಾಗ ಬಂಗಾರಪೇಟೆಯಲ್ಲಿ ಸಂಜೆ ಪಾನಿಪುರಿ ತಿನ್ನಿ. ಅಲ್ಲಿಯ ಪಾನಿಗೆ ಬಣ್ಣವಿಲ್ಲ, ಕುಡಿಯುವ ನೀರಿನ ಹಾಗೆ ತಿಳಿಯಾಗಿರುತ್ತದೆ, ಬಾಯಿಗಿಟ್ಟರೆ ಖಾರ ನೆತ್ತಿಗೇರುತ್ತದೆ.

ಕೊನೆಯದಾಗಿ, ಈ ವಾರವೇ ಬಂದ ಒಂದು ಪತ್ರಕ್ಕೆ ಉತ್ತರ. ಶಿವಮೊಗ್ಗದ ಓದುಗರೊಬ್ಬರು ಜೂನ್ ಮೊದಲ ವಾರದಲ್ಲಿ ಬರುತ್ತಾರಂತೆ, ಜೊತೆಗೆ ಮೆಟ್ಟಿಲು ಹತ್ತಲಾಗದ ತಾಯಿ, ಇಬ್ಬರು ಮಕ್ಕಳು. ಅಮ್ಮಾವರಿಗೆ ಬೆಟ್ಟಗಳನ್ನು ಬಿಟ್ಟುಬಿಡಿ. ಎರಡು ದಿನ ಇಟ್ಟುಕೊಳ್ಳಿ, ರಾತ್ರಿ ಕೋಲಾರದಲ್ಲೇ ತಂಗಿ. ಮೊದಲ ದಿನ ಬೆಳಿಗ್ಗೆ ಕೋಲಾರಮ್ಮ, ಸೋಮೇಶ್ವರ. ಮಧ್ಯಾಹ್ನ ಗುಡಿಗಳ ಬಾಗಿಲು ಹಾಕಿರುತ್ತದೆ, ಬಿಸಿಲೂ ಜೋರು. ಉಂಡು ಮಲಗಿ, ಇಳಿಹೊತ್ತಿಗೆ ಮಕ್ಬರಾಕ್ಕೆ, ಕೆರೆಯ ಏರಿಯ ಕಡೆಗೆ ಹೋಗಿ. ಎರಡನೆಯ ದಿನ ತಿಂಡಿ ಮುಳಬಾಗಿಲಿನಲ್ಲಿ, ನರಸಿಂಹತೀರ್ಥದಲ್ಲಿ ಅಮ್ಮಾವರಿಗೆ ಸ್ವಲ್ಪ ಹೊತ್ತು ಕೂರಲು ಸಮಯ ಕೊಡಿ, ಆಮೇಲೆ ಆವನಿ, ಕೆಳಗಿನ ಗುಡಿಗಳು ಮಾತ್ರ. ಅಲ್ಲಿಂದ ಶ್ರೀನಿವಾಸಪುರದ ಮೇಲೆ ಹೊರಟರೆ ದಾರಿಯುದ್ದಕ್ಕೂ ತೋಟದ ಮುಂದೆ ಹಣ್ಣು ಗುಡ್ಡೆ ಹಾಕಿಕೊಂಡು ಕೂತವರು ಸಿಗುತ್ತಾರೆ. ರಸಪುರಿಯ ಕೊನೆಯ ಕೊಯ್ಲು ನಿಮಗೆ ಸಿಕ್ಕೇ ಸಿಗುತ್ತದೆ. ಬರುವಾಗ ಕಾರಿನ ಡಿಕ್ಕಿಯಲ್ಲಿ ಜಾಗ ಉಳಿಸಿಕೊಂಡು ಬನ್ನಿ.